ಸ್ವಿಚ್ಚು ಬರೆದಿಟ್ಟ ಕಿರ್ದಿ

ಕೆಲವು ವರ್ಷಗಳ ಹಿಂದೆ, ಸಣ್ಣ ಊರೊಂದರ ಕಾಲೇಜಿನ ಗಣಕ ಪ್ರಯೋಗಶಾಲೆಯಲ್ಲಿ, ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಸಂಧ್ಯಾವಂದನೆಯಷ್ಟೇ ನಿಯಮದಿಂದ ನಡೆಯುತ್ತಿದ್ದ ಒಂದು ಕರ್ಮವನ್ನು ನೋಡುವ ಸಂದರ್ಭ ನನಗೆ ಒದಗಿತು. ಜಾಲವು ಇದ್ದಕ್ಕಿದ್ದಂತೆ ಮಂದವಾಗುವುದು, ವಿದ್ಯಾರ್ಥಿಗಳು ಗೊಣಗುವರು, ಅಧ್ಯಾಪಕರು ಸಹಾಯಕನಿಗೆ ಹೇಳಿಕಳುಹಿಸುವರು, ಆತನು ನಿಧಾನವಾಗಿ ಬಂದು, ಗೋಡೆಯ ಮೂಲೆಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆರೆದು, ಅದರೊಳಗೆ ಹಸಿರು ದೀಪಗಳನ್ನು ಮಿಣುಕಿಸುತ್ತ ಕುಳಿತಿದ್ದ ಸ್ವಿಚ್ಚಿನ ಪ್ಲಗ್ಗನ್ನು ಕಿತ್ತು, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಮತ್ತೆ ಸಿಕ್ಕಿಸುವನು. ಐದಾರು ನಿಮಿಷಗಳಲ್ಲಿ ಎಲ್ಲವೂ ಸರಿಹೋದಂತೆ ತೋರುತ್ತಿತ್ತು. ಮಾರನೆಯ ದಿನ ಅದೇ ವೇಳೆಗೆ ಅದೇ ರೋಗ, ಅದೇ ಮದ್ದು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. "ದಸರಾ ರಜೆ ಮುಗಿದಾಗಿನಿಂದ ಸಾರ್" ಎಂದನು. ಆಗ ಜನವರಿ.

ನಮ್ಮ ಮನೆಗಳಲ್ಲಿ ದೀಪ ಹತ್ತಿಸುವ ಗುಂಡಿಗೂ ಸ್ವಿಚ್ಚೆಂದೇ ಹೆಸರಿರುವುದರಿಂದಲೋ ಏನೋ, ಜಾಲದ ಸ್ವಿಚ್ಚನ್ನೂ ಜನ ಒತ್ತಿ ಆರಿಸಿ, ಒತ್ತಿ ಹತ್ತಿಸತಕ್ಕ ಜಡವಸ್ತುವೆಂದು ಭಾವಿಸುತ್ತಾರೆ. ವಸ್ತುತಃ ಅದು ಹಳೆಯ ಕಾಲದ ಶ್ಯಾನುಭೋಗರ ಜಾತಿಗೆ ಸೇರಿದ್ದು. ಯಾವ ಪೋರ್ಟಿನ ಮೂಲಕ ಎಷ್ಟು ಪೊಟ್ಟಣಗಳು ಒಳಬಂದುವು, ಎಷ್ಟು ಹೊರಹೋದುವು, ಅವುಗಳಲ್ಲಿ ಎಷ್ಟು ಭಗ್ನವಾಗಿದ್ದುವು, ಯಾವ ಕೊಂಡಿ ಯಾವ ಕ್ಷಣದಲ್ಲಿ ಕಡಿದು ಯಾವ ಕ್ಷಣದಲ್ಲಿ ಕೂಡಿತು, ಆಚೆ ತುದಿಯಲ್ಲಿರುವ ನೆರೆಯವರು ಯಾರು ಎಂಬುದನ್ನೆಲ್ಲ ಅದು ಯಾರೂ ಹೇಳದೆಯೇ ತನ್ನ ಕಿರ್ದಿಯಲ್ಲಿ ಬರೆದುಕೊಳ್ಳುತ್ತಲೇ ಇರುತ್ತದೆ. ಆದರೆ ಈ ಕಿರ್ದಿಯ ಬಹುಭಾಗವು ವಿದ್ಯುತ್ತಿರುವಷ್ಟು ಕಾಲ ಮಾತ್ರ ನಿಲ್ಲತಕ್ಕ ಸ್ಮೃತಿಯಲ್ಲಿ ಇರುವುದರಿಂದ, ಪ್ಲಗ್ಗು ಕಿತ್ತ ಮರುಗಳಿಗೆಯಲ್ಲಿ ಪುಟಗಳೆಲ್ಲ ಖಾಲಿಯಾಗುತ್ತವೆ. ಊರಿನಲ್ಲಿ ಕಳ್ಳತನವಾದಾಗ ಠಾಣೆಯ ದಫ್ತರವನ್ನು ಮೊದಲು ಸುಟ್ಟುಹಾಕಿ ಅನಂತರ ಕಳ್ಳನನ್ನು ಹುಡುಕಹೊರಟಂತಾಯಿತು ಇದು. ಆದುದರಿಂದ ಈ ಲೇಖನದ ಓದುಗರಲ್ಲಿ ನನ್ನ ಮೊದಲನೆಯ ಬಿನ್ನಹವೇನೆಂದರೆ, ಎಷ್ಟೇ ಒತ್ತಾಯವಿದ್ದರೂ, ಕೇಳುವುದಕ್ಕೆ ಮುಂಚೆ ಕೀಳಬೇಡಿ.

ಈ ಯಂತ್ರದ ವಂಶಚರಿತ್ರೆಯಲ್ಲಿ ನಮಗೆ ಹಿತವೆನಿಸುವ ಒಂದು ಸಂಗತಿಯುಂಟು. ಕ್ಯಾಲಿಫೋರ್ನಿಯದಲ್ಲಿದ್ದ ಜೆರಾಕ್ಸ್ ಸಂಶೋಧನಾಲಯದಲ್ಲಿ 1973ರಲ್ಲಿ ಈಥರ್ನೆಟ್ ಎಂಬ ಪದ್ಧತಿ ಹುಟ್ಟಿದಾಗ ಯಂತ್ರಗಳೆಲ್ಲ ಒಂದೇ ತಂತಿಯನ್ನು ಹಂಚಿಕೊಂಡಿದ್ದುವು; ಇಬ್ಬರು ಏಕಕಾಲಕ್ಕೆ ಬಾಯಿ ತೆರೆದರೆ ಮಾತುಗಳು ಡಿಕ್ಕಿಹೊಡೆದು ಇಬ್ಬರೂ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ಆ ಗದ್ದಲವನ್ನು ನಿಲ್ಲಿಸಿ, ಯಾರ ಪೊಟ್ಟಣವನ್ನು ಯಾರ ಬಾಗಿಲಿಗೆ ಮುಟ್ಟಿಸಬೇಕೋ ಅಲ್ಲಿಗೆ ಮಾತ್ರ ಮುಟ್ಟಿಸುವ ಮೊದಲ ಈಥರ್ನೆಟ್ ಸ್ವಿಚ್ಚು 1990ರಲ್ಲಿ, ಏಳು ಪೋರ್ಟುಗಳನ್ನು ಹೊತ್ತು, ಮಾರುಕಟ್ಟೆಗೆ ಬಂದಿತು. ಅದನ್ನು ತಯಾರಿಸಿದ ಅಮೆರಿಕದ ಸಂಸ್ಥೆಯ ಹೆಸರು 'ಕಲ್ಪನಾ'. ಸ್ಥಾಪಕರಲ್ಲೊಬ್ಬರಾದ ಭಾರತೀಯ ಮೂಲದ ವಿನೋದ್ ಭಾರದ್ವಾಜರು ತಮ್ಮ ಪತ್ನಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದರು. 1994ರಲ್ಲಿ ಸಿಸ್ಕೊ ಸಂಸ್ಥೆಯು ಕಲ್ಪನಾವನ್ನು ಕೊಂಡುಕೊಂಡಿತು. ಇಂದು ನಮ್ಮ ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ಹೇರಳವಾಗಿ ಕಾಣುವ ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್ಚುಗಳನ್ನೇ ನಾನು ಇಲ್ಲಿ ಉದಾಹರಣೆಗಾಗಿ ಇಟ್ಟುಕೊಂಡಿದ್ದೇನೆ. ಬೇರೆ ತಯಾರಕರ ಯಂತ್ರಗಳಲ್ಲಿ ಆಜ್ಞೆಯ ಶಬ್ದಗಳು ಬೇರೆಯಾಗಬಹುದಾದರೂ ಕಿರ್ದಿಯ ಕಲಮುಗಳು ಹೆಚ್ಚುಕಡಿಮೆ ಇವೇ.

ಯಂತ್ರದೊಡನೆ ಮಾತನಾಡುವುದಕ್ಕೆ ಎರಡು ಬಾಗಿಲುಗಳುಂಟು. ಜಾಲವು ಬದುಕಿರುವಾಗ ಎಸ್‌ಎಸ್‌ಎಚ್ ಮೂಲಕ ದೂರದಿಂದಲೇ ಪ್ರವೇಶಿಸಬಹುದು. ಜಾಲವೇ ಮಲಗಿದ್ದರೆ ಸ್ವಿಚ್ಚಿನ ಬಳಿಗೆ ಹೋಗಿ ಅದರ ಕನ್ಸೋಲ್ ಪೋರ್ಟಿಗೆ ಲ್ಯಾಪ್‌ಟಾಪನ್ನು ಕನ್ಸೋಲ್ ಕೇಬಲ್ಲಿನಿಂದ ಜೋಡಿಸಬೇಕು. ಪುಟ್ಟಿ ಎಂಬ ಉಚಿತ ತಂತ್ರಾಂಶದಲ್ಲಿ ವೇಗವನ್ನು 9600 ಎಂದೂ, ದತ್ತಾಂಶದ ಬಿಟ್ಟುಗಳನ್ನು 8 ಎಂದೂ, ಪ್ಯಾರಿಟಿ ಇಲ್ಲವೆಂದೂ, ಸ್ಟಾಪ್ ಬಿಟ್ 1 ಎಂದೂ ಇಟ್ಟರೆ ಯಂತ್ರವು ಓಗೊಡುತ್ತದೆ. ತೆರೆಯ ಮೇಲೆ ಅಕ್ಷರಗಳ ಬದಲು ಕಾಗೆಗುಬ್ಬಿಗಳ ಕಾಲ್ಗುರುತು ಕಂಡರೆ ಪ್ರಾಯಶಃ ವೇಗವು ತಪ್ಪಿದೆಯೆಂದು ತಿಳಿಯತಕ್ಕದ್ದು. ಒಳಹೊಕ್ಕಾಗ ಮೊದಲು ಕಾಣುವ ಬಾಣದ ತಲೆಯಂಥ ಗುರುತು ಅತಿಥಿಯ ಸ್ಥಾನ. 'ಎನೇಬಲ್' ಎಂದು ಬರೆದು ಗುಪ್ತಪದವನ್ನು ಕೊಟ್ಟ ಮೇಲೆ ಬರುವ ಹ್ಯಾಶ್ ಗುರುತು ಯಜಮಾನನ ಸ್ಥಾನ. ಆಜ್ಞೆಗಳನ್ನು ಯಂತ್ರಕ್ಕೆ ರೋಮನ್ ಅಕ್ಷರಗಳಲ್ಲಿಯೇ ಕೊಡಬೇಕಾದರೂ ಇಲ್ಲಿ ಅವುಗಳ ಉಚ್ಚಾರಣೆಯನ್ನು ಮಾತ್ರ ಕೊಟ್ಟಿದ್ದೇನೆ. 'ಶೋ' ಎಂದು ಆರಂಭವಾಗುವ ಆಜ್ಞೆಗಳು ಕಿರ್ದಿಯನ್ನು ಓದುತ್ತವೆಯೇ ಹೊರತು ಅದರಲ್ಲಿ ಒಂದಕ್ಷರವನ್ನೂ ತಿದ್ದುವುದಿಲ್ಲವಾದ್ದರಿಂದ ಹೊಸಬರು ಹೆದರಬೇಕಾದುದಿಲ್ಲ. ಮಾತು ಮುಂದುವರಿಸುವುದಕ್ಕೆ ಮುಂಚೆ ಪುಟ್ಟಿಯಲ್ಲಿ ಸಂಭಾಷಣೆಯನ್ನೆಲ್ಲ ಕಡತಕ್ಕೆ ಇಳಿಸುವ ಏರ್ಪಾಡನ್ನು ಮಾಡಿ, 'ಟರ್ಮಿನಲ್ ಲೆಂತ್ 0' ಎಂದು ಬರೆದರೆ, ಪುಟಪುಟಕ್ಕೂ ನಿಂತು ನಮ್ಮ ಅಪ್ಪಣೆಯನ್ನು ಕಾಯುವ ಅದರ ಅಭ್ಯಾಸವು ತಪ್ಪುತ್ತದೆ.

ಮೊದಲ ಪ್ರಶ್ನೆ 'ಶೋ ವರ್ಷನ್'. ಇದರ ಉತ್ತರ ಉದ್ದವಾದದ್ದು. ಅದರಲ್ಲಿ ನಮಗೆ ಬೇಕಾದವು ಎರಡೇ ಸಾಲು: ಯಂತ್ರವು ಎಷ್ಟು ಕಾಲದಿಂದ ಎಚ್ಚರವಾಗಿದೆ ಎಂಬುದು ಒಂದು, ಕಳೆದ ಸಲ ಯಾವ ಕಾರಣದಿಂದ ಮಲಗಿ ಎದ್ದಿತು ಎಂಬುದು ಇನ್ನೊಂದು. ಕಾಲೇಜಿನ ಸ್ವಿಚ್ಚು ನಲವತ್ತು ನಿಮಿಷವೆಂದಿತು. ಅಂದರೆ ನನ್ನ ಕೈಗೆ ಸಿಕ್ಕ ಕಿರ್ದಿಗೆ ನಲವತ್ತು ನಿಮಿಷಗಳ ಆಯುಸ್ಸು ಮಾತ್ರ. ಎರಡನೆಯದು 'ಶೋ ಲಾಗಿಂಗ್'. ಯಂತ್ರದ ದಿನಚರಿಯೇ ಇದು. ಆದರೆ ಅದರ ತಾರೀಖುಗಳನ್ನು ನಂಬುವ ಮೊದಲು 'ಶೋ ಕ್ಲಾಕ್' ಎಂದು ಗಡಿಯಾರವನ್ನು ವಿಚಾರಿಸಬೇಕು. ಯಾರೂ ಕಾಲವನ್ನು ತಿಳಿಸದಿದ್ದಲ್ಲಿ ಈ ಜಾತಿಯ ಅನೇಕ ಸ್ವಿಚ್ಚುಗಳು ಎಚ್ಚರಗೊಂಡ ಕ್ಷಣವನ್ನು 1993ರ ಮಾರ್ಚ್ 1 ಎಂದೇ ಭಾವಿಸಿಕೊಂಡು ಅಲ್ಲಿಂದ ಎಣಿಸತೊಡಗುತ್ತವೆ. ಕಳೆದ ವಾರದ ದೋಷವು ಮೂವತ್ತು ವರ್ಷಗಳ ಹಿಂದೆ ಸಂಭವಿಸಿತೆಂದು ಬರೆದಿರುವ ದಿನಚರಿಯನ್ನು ಮುಂದಿಟ್ಟುಕೊಂಡು ಯಾವ ಘಟನೆಯನ್ನು ಯಾವುದಕ್ಕೆ ಹೊಂದಿಸುವುದು? ಎನ್‌ಟಿಪಿ ಎಂಬ ವ್ಯವಸ್ಥೆಯಿಂದ ಎಲ್ಲ ಸ್ವಿಚ್ಚುಗಳ ಗಡಿಯಾರಗಳನ್ನೂ ಒಂದೇ ಕಾಲಕ್ಕೆ ಕಟ್ಟಿಹಾಕುವುದು, ದೋಷವಿಲ್ಲದ ದಿನದಲ್ಲಿ ಮಾಡಿಡಬೇಕಾದ ಕೆಲಸ.

ಮೂರನೆಯದಾದ 'ಶೋ ಇಂಟರ್‌ಫೇಸಸ್ ಸ್ಟೇಟಸ್' ಎಂಬ ಆಜ್ಞೆಯು ಪೋರ್ಟುಗಳ ಹಾಜರಿಪಟ್ಟಿಯನ್ನು ಒಂದೇ ನೋಟಕ್ಕೆ ತೆರೆದಿಡುತ್ತದೆ. 'ಕನೆಕ್ಟೆಡ್' ಎಂದರೆ ಆಚೆ ತುದಿಯಲ್ಲಿ ಜೀವವಿದೆ. 'ನಾಟ್‌ಕನೆಕ್ಟ್' ಎಂದರೆ ಕೇಬಲ್ಲು ಇಲ್ಲ, ಅಥವಾ ಕಡಿದಿದೆ, ಅಥವಾ ಆಚೆಯ ಯಂತ್ರ ಆರಿದೆ. 'ಡಿಸೇಬಲ್ಡ್' ಎಂದರೆ ಮನುಷ್ಯನೇ ಬೇಕೆಂದು ಮುಚ್ಚಿದ್ದು; ಕೇಬಲ್ಲನ್ನು ಹತ್ತು ಸಲ ಬದಲಾಯಿಸಿ ಬೆವರಿದ ಮೇಲೆ ಈ ಪದವನ್ನು ಕಂಡು ತಲೆ ಚಚ್ಚಿಕೊಂಡವರನ್ನು ನಾನು ಬಲ್ಲೆ. 'ಎರ್-ಡಿಸೇಬಲ್ಡ್' ಎಂದರೆ ಅನುಚಿತವಾದುದೇನನ್ನೋ ಕಂಡು ಸ್ವಿಚ್ಚೇ ಬಾಗಿಲಿಗೆ ಅಗಣಿ ಹಾಕಿಕೊಂಡದ್ದು; ಇದರ ವಿಷಯ ಮುಂದೆ ಬರುತ್ತದೆ. ಅದೇ ಪಟ್ಟಿಯ ಬಲಗಡೆಯಲ್ಲಿ ಡ್ಯೂಪ್ಲೆಕ್ಸ್ (ಇಬ್ಬರೂ ಏಕಕಾಲಕ್ಕೆ ಮಾತನಾಡಬಹುದಾದರೆ 'ಫುಲ್', ಸರದಿಯಂತೆ ಮಾತ್ರವಾದರೆ 'ಹಾಫ್') ಮತ್ತು ವೇಗಗಳ ಎರಡು ಕಲಮುಗಳಿವೆ. ಅಲ್ಲಿ 'ಎ-ಫುಲ್', 'ಎ-1000' ಎಂದು ಹಿಂದೆ ಒಂದು 'ಎ' ಅಂಟಿಕೊಂಡಿದ್ದರೆ ಈ ತುದಿಯ ಯಂತ್ರವು ಆಚೆಯವನೊಡನೆ ಸಂಧಾನಕ್ಕೆ ಹೊರಟು ತಾನಾಗಿ ಆ ನಿಶ್ಚಯಕ್ಕೆ ಬಂದಿದೆಯೆಂದೂ, 'ಎ' ಇಲ್ಲದಿದ್ದರೆ ಯಾರೋ ಕೈಯಿಂದ ವಿಧಿಸಿದ್ದಾರೆಂದೂ ಅರ್ಥ. ಈ ಒಂದಕ್ಷರವನ್ನು ಗಮನಿಸದೆ ಮುಂದೆ ಹೋಗಬಾರದು. ಪ್ರಯೋಗಶಾಲೆಯ ಕಥೆಯೆಲ್ಲ ಅದರ ಮೇಲೆಯೇ ನಿಂತಿತ್ತು.

ಆ ಕಥೆಗೆ ಹೋಗುವ ಮುನ್ನ ಇನ್ನೊಂದು ಆಜ್ಞೆಯನ್ನು ತಿಳಿದಿರಬೇಕು. 'ಶೋ ಇಂಟರ್‌ಫೇಸಸ್' ಎಂದು ಪೋರ್ಟಿನ ಹೆಸರಿನೊಡನೆ ಕೇಳಿದರೆ ಆ ಪೋರ್ಟಿನ ಪೂರ್ಣ ಲೆಕ್ಕಪತ್ರ ಬಂದು ನಿಲ್ಲುತ್ತದೆ: ಪೊಟ್ಟಣದ ಕೊನೆಯ ನಾಲ್ಕು ಬೈಟುಗಳಲ್ಲಿರುವ ತಾಳೆಯ ಅಂಕ ಕೂಡದೆಹೋದುವೆಷ್ಟು ಎಂಬ 'ಸಿಆರ್‌ಸಿ', 64 ಬೈಟಿಗಿಂತ ಕುಬ್ಜವಾದ 'ರಂಟ್'ಗಳು, ಮಿತಿಮೀರಿ ಬೆಳೆದ 'ಜೈಂಟ್'ಗಳು, ಡಿಕ್ಕಿಗಳು, ತಡವಾದ ಡಿಕ್ಕಿಗಳು, ಹೊರಬಾಗಿಲಲ್ಲಿ ಜಾಗ ಸಾಲದೆ ಬಿಸುಟವುಗಳು. ಹೊಸಬರು ಇಲ್ಲಿ ಮಾಡುವ ಪ್ರಮಾದವೇನೆಂದರೆ, ಸಿಆರ್‌ಸಿ ಸಾಲಿನಲ್ಲಿ ಐನೂರೆಂಬ ಅಂಕವನ್ನು ಕಂಡೊಡನೆ ಕೇಬಲ್ಲನ್ನು ಅಪರಾಧಿಯೆಂದು ತೀರ್ಮಾನಿಸಿಬಿಡುವುದು. ಆ ಐನೂರು ಎರಡು ವರ್ಷದಲ್ಲಿ ಕೂಡಿದ್ದೋ ಎರಡು ನಿಮಿಷದಲ್ಲಿ ಕೂಡಿದ್ದೋ ಆ ಅಂಕವೊಂದರಿಂದಲೇ ಗೊತ್ತಾಗುವುದಿಲ್ಲ. ಲೇವಾದೇವಿಯವನ ಲೆಕ್ಕದಲ್ಲಿ ಎರಡು ತಾರೀಖುಗಳ ಶಿಲ್ಕುಗಳ ಅಂತರವು ಎಷ್ಟು ಮುಖ್ಯವೋ ಇಲ್ಲಿಯೂ ಅಷ್ಟೇ ಮುಖ್ಯ. ಒಂದು ಸಲ ಓದಿ ಬರೆದಿಟ್ಟು, ಸ್ವಲ್ಪ ಹೊತ್ತಿನ ಮೇಲೆ, ವಿಶೇಷತಃ ತೊಂದರೆ ನಡೆಯುತ್ತಿರುವಾಗಲೇ, ಪುನಃ ಓದಬೇಕು. 'ಕ್ಲಿಯರ್ ಕೌಂಟರ್ಸ್' ಎಂಬ ಆಜ್ಞೆಯಿಂದ ಅಂಕಗಳನ್ನು ಸೊನ್ನೆಗೆ ಇಳಿಸಿಯೂ ನೋಡಬಹುದು. ಹಾಗೆ ಮಾಡುವ ಮುನ್ನ ಹಳೆಯ ಅಂಕಗಳನ್ನು ಕಡತಕ್ಕೆ ಇಳಿಸಿಕೊಂಡಿರಬೇಕು.

ಸಹಾಯಕನನ್ನು ಒಂದು ದಿನದ ಮಟ್ಟಿಗೆ ಪ್ಲಗ್ಗಿನಿಂದ ದೂರವಿರುವಂತೆ ಬೇಡಿಕೊಂಡೆ. ಒಪ್ಪಿದನಾದರೂ, ಮೂರು ಗಂಟೆಯಾದಾಗ ಅವನ ಕೈಗಳು ಚಡಪಡಿಸುತ್ತಿದ್ದುವು. ಕೆಳಗಿನ ಅಂತಸ್ತಿನ ಸ್ವಿಚ್ಚಿಗೆ ಹೋಗುವ ಪೋರ್ಟಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ 12 ಇದ್ದ ತಡವಾದ ಡಿಕ್ಕಿಗಳ ಅಂಕವು ಮೂರೂವರೆಗೆ 3,800ನ್ನು ದಾಟಿತ್ತು. ಹಾಜರಿಪಟ್ಟಿಯಲ್ಲಿ ಆ ಪೋರ್ಟು 'ಎ-ಹಾಫ್', 'ಎ-100' ಎನ್ನುತ್ತಿತ್ತು. ಮೆಟ್ಟಿಲಿಳಿದು ಕೆಳಗಿನ ಸ್ವಿಚ್ಚನ್ನು ಕೇಳಿದರೆ ಅದರ ತುದಿಯಲ್ಲಿ 'ಎ' ಇಲ್ಲದ 'ಫುಲ್', 'ಎ' ಇಲ್ಲದ '100'. ಸಿಆರ್‌ಸಿಯೂ ರಂಟುಗಳೂ ಅಲ್ಲಿ ಮೇಲೇರುತ್ತಿದ್ದುವು. ಕಾರಣ ಸ್ಪಷ್ಟವಾಯಿತು. ಹಿಂದೆ ಯಾರೋ ಕೆಳಗಿನ ಪೋರ್ಟನ್ನು ಕೈಯಿಂದ ಕಟ್ಟಿದ್ದರು. ಮೇಲಿನದು ಸಂಧಾನಕ್ಕೆ ಬಂದಾಗ ಆಚೆಯಿಂದ ಮಾತೇ ಇಲ್ಲದ್ದರಿಂದ, ತಂತಿಯ ಮೇಲಿನ ಸಂಕೇತದಿಂದ ವೇಗವನ್ನು ಮಾತ್ರ ಊಹಿಸಿಕೊಂಡು, ಡ್ಯೂಪ್ಲೆಕ್ಸನ್ನು ಊಹಿಸುವ ಉಪಾಯವಿಲ್ಲದೆ, ನಿಯಮದಂತೆ ಅರ್ಧಕ್ಕೆ ಇಳಿದಿತ್ತು. ಒಬ್ಬನು ಆಚೆಯವನು ಮುಗಿಸಲೆಂದು ಕಾದು ಮಾತನಾಡುವವನು, ಇನ್ನೊಬ್ಬನು ಯಾರು ಮಾತನಾಡುತ್ತಿದ್ದರೂ ಲಕ್ಷಿಸದೆ ನುಡಿಯುವವನು. ಇಂಥ ಇಬ್ಬರ ಸಂಭಾಷಣೆ ಕುಶಲಪ್ರಶ್ನೆಯ ಮಟ್ಟದಲ್ಲಿ ನಡೆದೀತು, ಹರಟೆ ಬಲಿತಾಗ ಕೆಡುತ್ತದೆ. ಅರ್ಧ ಡ್ಯೂಪ್ಲೆಕ್ಸಿನಲ್ಲಿ ಮೊದಲ 64 ಬೈಟುಗಳೊಳಗೆ ಡಿಕ್ಕಿಯಾಗುವುದು ಶಾಸ್ತ್ರಸಮ್ಮತ; ಅದು ದಾಟಿದ ಮೇಲೆ ಆಗುವ ಡಿಕ್ಕಿಯು ಆಚೆಯವನು ನಿಯಮವನ್ನೇ ಒಪ್ಪಿಲ್ಲವೆಂಬುದಕ್ಕೆ ಬಹುತೇಕ ಖಚಿತವಾದ ಸಾಕ್ಷ್ಯ. ಮೂರು ಗಂಟೆಗೆ ದೊಡ್ಡ ತರಗತಿಯವರು ಬಂದು ದೊಡ್ಡ ಕಡತಗಳನ್ನು ಎಳೆಯತೊಡಗುವವರೆಗೆ ದೋಷವು ಅಡಗಿರುತ್ತಿತ್ತು. ಪ್ಲಗ್ಗು ಕಿತ್ತಾಗ ಎಲ್ಲರ ಕೆಲಸವೂ ನಿಂತು ಹೊರೆ ಇಳಿಯುತ್ತಿತ್ತು. ಅದನ್ನೇ ಎಲ್ಲರೂ ಗುಣವೆಂದು ತಿಳಿದಿದ್ದರು. ಎರಡು ತುದಿಗಳನ್ನೂ 'ಆಟೋ' ಎಂದು ಬಿಡುವುದೇ ಮದ್ದು.

ಇಲ್ಲಿ ನನ್ನ ಅವಿವೇಕವನ್ನೂ ಒಪ್ಪಿಕೊಳ್ಳಬೇಕು. ಅಂಕಗಳ ಬೆನ್ನುಹತ್ತಿದ ಉತ್ಸಾಹದಲ್ಲಿ ನಾನು ಲಾಗಿಂಗ್ ಪುಟವನ್ನು ಮೇಲುಮೇಲಾಗಿ ನೋಡಿ ಬಿಟ್ಟಿದ್ದೆ. ಎಲ್ಲವೂ ಮುಗಿದ ಮೇಲೆ ಕಡತವನ್ನು ತಿರುವಿದರೆ, ಸಿಸ್ಕೊ ಸ್ವಿಚ್ಚುಗಳು ತಮ್ಮ ನೆರೆಯವರೊಡನೆ ಸಿಡಿಪಿ ಎಂಬ ಪರಿಭಾಷೆಯಲ್ಲಿ ನಿಮಿಷಕ್ಕೊಮ್ಮೆ ಮಾತನಾಡಿಕೊಳ್ಳುವಾಗ ಕಂಡುಕೊಂಡ ಸಂಗತಿಯು, 'ಡ್ಯೂಪ್ಲೆಕ್ಸ್ ಮಿಸ್‌ಮ್ಯಾಚ್' ಎಂಬ ಸ್ಪಷ್ಟ ಶಬ್ದಗಳಲ್ಲಿ, ಪೋರ್ಟಿನ ಹೆಸರು ಸಹಿತ, ಸಾಲುಸಾಲಾಗಿ ಅಲ್ಲಿ ಮುದ್ರಿತವಾಗಿತ್ತು. ದಸರಾದಿಂದ ಸಂಕ್ರಾಂತಿಯವರೆಗೆ ಸ್ವಿಚ್ಚು ನಿಮಿಷ ನಿಮಿಷಕ್ಕೂ ಹೇಳುತ್ತಿದ್ದ ಮಾತನ್ನು ಕೇಳುವವರಿರಲಿಲ್ಲ. ನಾನೂ ಒಂದು ದಿನ ತಡವಾಗಿ ಕೇಳಿದೆ.

ಡ್ಯೂಪ್ಲೆಕ್ಸು ಎರಡೂ ಕಡೆ ಸರಿಯಿದ್ದು ಸಿಆರ್‌ಸಿ ಮಾತ್ರ ಏರುತ್ತಿದ್ದರೆ ಆಗ ಕೇಬಲ್ಲನ್ನು ಸಂಶಯಿಸುವುದು ನ್ಯಾಯ. ತುದಿಯ ಪ್ಲಗ್ಗನ್ನು ಸರಿಯಾಗಿ ಒತ್ತಿರದಿರುವುದು, ವಿದ್ಯುತ್ತಂತಿಯೊಡನೆ ಒಂದೇ ಕೊಳವೆಯಲ್ಲಿ ಜಾಲದ ತಂತಿಯನ್ನೂ ತುರುಕಿರುವುದು, 100 ಮೀಟರಿನ ಮಿತಿಯನ್ನು ಮೀರಿ ಎಳೆದಿರುವುದು ಸಾಮಾನ್ಯವಾದ ಕಾರಣಗಳು. ಅನೇಕ ಮಾದರಿಗಳಲ್ಲಿ 'ಟೆಸ್ಟ್ ಕೇಬಲ್-ಡಯಾಗ್ನೋಸ್ಟಿಕ್ಸ್ ಟಿಡಿಆರ್' ಎಂಬ ಆಜ್ಞೆಯುಂಟು. ಬಾವಿಯೊಳಗೆ ಕೂಗಿ ಪ್ರತಿಧ್ವನಿಯಿಂದ ಆಳವನ್ನು ಅಂದಾಜಿಸುವ ಹಾಗೆ, ಸ್ವಿಚ್ಚು ತಂತಿಯೊಳಗೆ ಒಂದು ಸ್ಪಂದನವನ್ನು ಕಳುಹಿಸಿ, ಅದು ಮರಳುವ ಕಾಲದಿಂದ ನಾಲ್ಕು ಜೋಡಿಗಳಲ್ಲಿ ಯಾವುದು ಎಷ್ಟನೆಯ ಮೀಟರಿನ ಸುಮಾರಿಗೆ ಕಡಿದಿದೆ ಅಥವಾ ಕೂಡಿಕೊಂಡಿದೆ ಎಂದು ಹೇಳುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಆ ಪೋರ್ಟಿನ ಸಂಪರ್ಕ ಕಡಿಯಬಹುದಾದ್ದರಿಂದ ಪ್ರಾಂಶುಪಾಲರ ಕೊಠಡಿಯ ಪೋರ್ಟಿನ ಮೇಲೆ ಹಗಲಿನಲ್ಲಿ ಇದನ್ನು ಪ್ರಯೋಗಿಸದಿರುವುದು ಜಾಣತನ.

ಒಂದು ಗಣಕವು ಯಾವ ಸ್ವಿಚ್ಚಿನ ಯಾವ ಪೋರ್ಟಿಗೆ ಜೋಡಣೆಯಾಗಿದೆಯೆಂಬುದು ಗೋಡೆಯ ಮೇಲಿನ ಚೀಟಿಗಳಿಂದ ತಿಳಿಯಬೇಕು. ಚೀಟಿಗಳು ಸುಣ್ಣ ಬಳಿದಾಗ ಅಳಿದುಹೋಗಿರುತ್ತವೆ. ಆಗ ಜಾಡು ಹಿಡಿಯುವ ಕ್ರಮ ಹೀಗೆ. ಮೊದಲು ಅದರ ಐಪಿ ವಿಳಾಸಕ್ಕೆ ಒಂದು ಪಿಂಗ್ ಕಳುಹಿಸಬೇಕು. ಪಿಂಗ್ ಎಂಬುದು 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ಮೈಕ್ ಮೂಸ್ ಎಂಬವರು ಬರೆದ ಪುಟ್ಟ ಕ್ರಮವಿಧಿ. ಜಲಾಂತರ್ಗಾಮಿ ನೌಕೆಯನ್ನು ಹುಡುಕುವ ಸೋನಾರಿನ ಸದ್ದಿನಿಂದ ಅದಕ್ಕೆ ಆ ಹೆಸರು ಬಂದಿತು. ಅನಂತರ ಆ ಜಾಲಭಾಗದ ದ್ವಾರವಾಗಿರುವ ಯಂತ್ರದಲ್ಲಿ 'ಶೋ ಐಪಿ ಎಆರ್‌ಪಿ' ಎಂದರೆ ಆ ಐಪಿಗೆ ಹೊಂದುವ 48 ಬಿಟ್ಟುಗಳ ಮ್ಯಾಕ್ ವಿಳಾಸ ಸಿಗುತ್ತದೆ. ಸ್ವಿಚ್ಚಿನಲ್ಲಿ 'ಶೋ ಮ್ಯಾಕ್ ಅಡ್ರೆಸ್-ಟೇಬಲ್' ಎಂದರೆ ಆ ವಿಳಾಸ ಕಂಡುಬಂದ ಪೋರ್ಟು ಸಿಗುತ್ತದೆ. ಮೌನವಾಗಿರುವವರನ್ನು ಸ್ವಿಚ್ಚು ಸಾಧಾರಣವಾಗಿ 300 ಸೆಕೆಂಡುಗಳ ಮೇಲೆ ಮರೆತುಬಿಡುತ್ತದೆ. ಮೊದಲು ಪಿಂಗ್ ಮಾಡಬೇಕೆಂದದ್ದು ಅದಕ್ಕೋಸ್ಕರ. ಒಂದೇ ಪೋರ್ಟಿನ ಹಿಂದೆ ಇಪ್ಪತ್ತು ಮೂವತ್ತು ವಿಳಾಸಗಳು ಕಂಡರೆ ಅಲ್ಲಿ ಇನ್ನೊಂದು ಸ್ವಿಚ್ಚಿದೆಯೆಂದು ತಿಳಿದು, 'ಶೋ ಸಿಡಿಪಿ ನೇಬರ್ಸ್' ಎಂದು ನೆರೆಯವರ ಹೆಸರು ಕೇಳಿ, ಅಲ್ಲಿಗೆ ಹೋಗಿ ಪುನಃ ಅದೇ ಪ್ರಶ್ನೆಯನ್ನು ಕೇಳಬೇಕು. ನೆರೆಯವನು ಬೇರೆ ತಯಾರಕನ ಕೂಸಾದರೆ ಸಿಡಿಪಿಯ ಬದಲು ಎಲ್ಲರಿಗೂ ಸಮಾನವಾದ ಎಲ್‌ಎಲ್‌ಡಿಪಿಯನ್ನು ವಿಚಾರಿಸತಕ್ಕದ್ದು. ನೆರೆಯವರಾರೂ ಇಲ್ಲದೆ ವಿಳಾಸಗಳು ಮಾತ್ರ ಐದಾರು ಇದ್ದರೆ, ಯಾರೋ ಮೇಜಿನ ಕೆಳಗೆ ಬಜಾರಿನಿಂದ ತಂದ ಪುಟ್ಟ ಸ್ವಿಚ್ಚೊಂದನ್ನು ಗುಟ್ಟಾಗಿ ಇಟ್ಟುಕೊಂಡಿರುವ ಸಂಭವವೇ ಹೆಚ್ಚು.

ಗಣಕಕ್ಕೆ ದೀಪವಿದೆ, ಕೊಂಡಿ ಇದೆ, ಆದರೂ ಯಾರನ್ನೂ ಮುಟ್ಟಲಾರದು ಎಂಬ ದೂರು ಬಂದಾಗ ವೀಲ್ಯಾನುಗಳ ಕಡೆಗೆ ತಿರುಗಬೇಕು. ಒಂದೇ ಸ್ವಿಚ್ಚನ್ನು ಅಗೋಚರ ಗೋಡೆಗಳಿಂದ ಹಲವು ಕೋಣೆಗಳಾಗಿ ವಿಭಾಗಿಸುವುದೇ ವೀಲ್ಯಾನು. 'ಶೋ ವೀಲ್ಯಾನ್ ಬ್ರೀಫ್' ಎಂಬುದು ಯಾವ ಪೋರ್ಟು ಯಾವ ಕೋಣೆಯಲ್ಲಿದೆಯೆಂದೂ, 'ಶೋ ಇಂಟರ್‌ಫೇಸಸ್ ಟ್ರಂಕ್' ಎಂಬುದು ಎರಡು ಸ್ವಿಚ್ಚುಗಳ ನಡುವಿನ ಹೆದ್ದಾರಿಯಲ್ಲಿ ಯಾವ ಯಾವ ಕೋಣೆಗಳವರಿಗೆ ಪ್ರಯಾಣದ ಅನುಮತಿಯಿದೆಯೆಂದೂ ತಿಳಿಸುತ್ತವೆ. ಇಲ್ಲಿ ಒಂದು ಪ್ರಸಿದ್ಧವಾದ ಹಳ್ಳವಿದೆ. ಈಗಾಗಲೇ 10 ಮತ್ತು 20ನೆಯ ವೀಲ್ಯಾನುಗಳಿಗೆ ಅನುಮತಿಯಿರುವ ಟ್ರಂಕಿಗೆ 30ನ್ನು ಸೇರಿಸಹೊರಟವನು, 'ಅಲೌಡ್ ವೀಲ್ಯಾನ್' ಎಂಬುದರ ಮುಂದೆ 'ಆ್ಯಡ್' ಎಂಬ ಪುಟ್ಟ ಪದವನ್ನು ಮರೆತರೆ, ಹಳೆಯ ಪಟ್ಟಿ ಅಳಿದು 30 ಒಂದೇ ಉಳಿಯುತ್ತದೆ. ಆತನು ತಾನೇ 10ನೆಯ ವೀಲ್ಯಾನಿನ ಮೂಲಕ ದೂರದಿಂದ ಬಂದು ಕುಳಿತಿದ್ದ ಪಕ್ಷದಲ್ಲಿ, ಕೂತ ಕೊಂಬೆಯೂ ಅವನೊಡನೆಯೇ ನೆಲಕ್ಕೆ ಬರುತ್ತದೆ. ದೂರದಿಂದ ಯಾವುದೇ ಬದಲಾವಣೆ ಮಾಡುವ ಮುನ್ನ 'ರಿಲೋಡ್ ಇನ್ 10' ಎಂದು ಬರೆದಿಡುವ ಪದ್ಧತಿ ಇದಕ್ಕಾಗಿಯೇ ಬಂದದ್ದು. ಬಾಗಿಲು ಮುಚ್ಚಿಹೋದರೆ ಹತ್ತು ನಿಮಿಷದ ಮೇಲೆ ಯಂತ್ರವು ತಾನಾಗಿ ಪುನರಾರಂಭಗೊಂಡು ಉಳಿಸಿಟ್ಟ ಹಳೆಯ ವಿಧಾನಕ್ಕೆ ಮರಳುತ್ತದೆ, ಸರಿಹೋದರೆ 'ರಿಲೋಡ್ ಕ್ಯಾನ್ಸಲ್' ಎಂದು ರದ್ದುಮಾಡಬಹುದು. ಕಿರ್ದಿ ಅಳಿಯುವುದಲ್ಲವೆ ಎಂದು ಕೇಳಿದರೆ, ಅಳಿಯುವುದು ನಿಜ. ಆದರೆ ಅದು ತಿಳಿದು ತೆತ್ತ ಬೆಲೆ.

ಇವೆಲ್ಲಕ್ಕಿಂತ ಭಯಂಕರವಾದುದು ಆವರ್ತ, ಇಂಗ್ಲಿಷಿನವರ ಲೂಪು. ಐಪಿ ಪೊಟ್ಟಣಕ್ಕೆ ಆಯುಸ್ಸಿನ ಲೆಕ್ಕವಿದೆ; ಈಥರ್ನೆಟ್ ಪೊಟ್ಟಣಕ್ಕೆ ಅದಿಲ್ಲ. ಗೋಡೆಯಲ್ಲಿ ಒಂದರ ಪಕ್ಕದಲ್ಲಿ ಒಂದಿರುವ ಎರಡು ಜಾಲದ ಸಾಕೆಟ್ಟುಗಳಿಗೆ, ನೆಲ ಗುಡಿಸುವಾಗ ಬಿಡಿಯಾಗಿ ಸಿಕ್ಕಿದ ಒಂದೇ ಕೇಬಲ್ಲಿನ ಎರಡು ತುದಿಗಳನ್ನು ಯಾರೋ ಪುಣ್ಯಾತ್ಮರು ಓರಣದ ದೃಷ್ಟಿಯಿಂದ ಸಿಕ್ಕಿಸಿದರೆ, ಎಲ್ಲರಿಗಾಗಿ ಹೊರಟ ಒಂದು ಪ್ರಸಾರಪೊಟ್ಟಣವು ಸುತ್ತುತ್ತ, ಕವಲೊಡೆಯುತ್ತ, ಕ್ಷಣಾರ್ಧದಲ್ಲಿ ಜಾಲವನ್ನೆಲ್ಲ ನುಂಗಿಬಿಡುತ್ತದೆ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಎಂಬ ಕ್ರಮವನ್ನು 1985ರಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್ ಸಂಸ್ಥೆಯಲ್ಲಿದ್ದ ರಾಡಿಯಾ ಪರ್ಲ್‌ಮನ್ ಎಂಬ ವಿದುಷಿ ರಚಿಸಿದರು, ಮತ್ತು ರಚಿಸಿದ್ದನ್ನು ಒಂದು ಕವಿತೆಯಾಗಿಯೂ ಬರೆದರು. ಸ್ವಿಚ್ಚುಗಳು ತಮ್ಮಲ್ಲೊಂದನ್ನು ಮೂಲವೆಂದು ಆರಿಸಿಕೊಂಡು, ಹೆಚ್ಚಾದ ಹಾದಿಗಳನ್ನು ತಾವಾಗಿ ಮುಚ್ಚಿ, ಕೊಂಬೆಗಳು ಎಲ್ಲಿಯೂ ಮರಳಿ ಕೂಡದ ಮರವೊಂದನ್ನು ಕಟ್ಟಿಕೊಳ್ಳುತ್ತವೆ. ಮೂಲ ಕ್ರಮದಲ್ಲಿ ಹೊಸ ಪೋರ್ಟೊಂದು ಕೇಳುವುದಕ್ಕೆ 15 ಸೆಕೆಂಡು, ಕಲಿಯುವುದಕ್ಕೆ 15 ಸೆಕೆಂಡು ತೆಗೆದುಕೊಂಡ ಮೇಲೆಯೇ ಬಾಗಿಲು ತೆರೆಯುತ್ತದೆ. ಗಣಕವನ್ನು ಹಚ್ಚಿದ ಅರ್ಧ ನಿಮಿಷ ಜಾಲ ಸಿಗುವುದಿಲ್ಲವೆಂಬ ದೂರಿಗೆ ಹಲವು ವೇಳೆ ಇದೇ ಕಾರಣ, ಗಣಕಗಳ ಪೋರ್ಟುಗಳಿಗೆ ಮಾತ್ರ, ಈ ಕಾಯುವಿಕೆಯನ್ನು ತಪ್ಪಿಸುವ ಪೋರ್ಟ್‌ಫಾಸ್ಟ್ ಕೊಡುವುದು ಪರಿಹಾರ.

ಆ ಮರಕ್ಕೂ ಮಿತಿಯಿದೆ. ಹಳೆಯ ಕ್ರಮವನ್ನು ರೂಪಿಸಿದವರು ಒಂದು ತುದಿಯಿಂದ ಇನ್ನೊಂದಕ್ಕೆ ಏಳಕ್ಕಿಂತ ಹೆಚ್ಚು ಸ್ವಿಚ್ಚುಗಳನ್ನು ದಾಟಬೇಕಾಗಬಾರದೆಂದು ಸಲಹೆ ಮಾಡಿದ್ದರು. ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲವು ಬೆಳೆಬೆಳೆಯುತ್ತ ಆ ಎಲ್ಲೆಯನ್ನು ಮೀರಿತ್ತು. 2002ರ ನವೆಂಬರಿನಲ್ಲಿ ದತ್ತಾಂಶದ ಹೊರೆಯೊಂದು ಬಿದ್ದಾಗ ಮರ ಕುಸಿದು, ಸುಮಾರು ನಾಲ್ಕು ದಿನ ಅಲ್ಲಿನ ವೈದ್ಯರೂ ದಾದಿಯರೂ ಕಾಗದ ಲೇಖನಿಗಳನ್ನು ಹಿಡಿದು, ಚೀಟಿಗಳನ್ನು ಕೈಯಿಂದ ಕೈಗೆ ಸಾಗಿಸಿ ಆಸ್ಪತ್ರೆಯನ್ನು ನಡೆಸಬೇಕಾಯಿತು. ಅಲ್ಲಿನ ಮಾಹಿತಿ ವಿಭಾಗದ ಮುಖ್ಯಸ್ಥ ಜಾನ್ ಹಲಾಮ್ಕಾ ಅದನ್ನು ಮುಚ್ಚಿಡದೆ ಲೋಕಕ್ಕೆಲ್ಲ ವಿವರಿಸಿ ಹೇಳಿದರು. ಪ್ರಶಂಸೆಗೆ ಯೋಗ್ಯವಾದ ಈ ನಡತೆ ನಮ್ಮಲ್ಲಿ ವಿರಳ.

ಆವರ್ತದ ಸಂಶಯ ಬಂದಾಗ ನೋಡಬೇಕಾದ ಸ್ಥಳಗಳು ಮೂರು. ದೀಪಗಳೆಲ್ಲ ಏಕಶ್ರುತಿಯಲ್ಲಿ ಹುಚ್ಚೆದ್ದು ಮಿಣುಕುತ್ತಿರುವುದು ಒಂದು. ಇದಕ್ಕೆ ಆಜ್ಞೆಯೇ ಬೇಡ. ಲಾಗಿನಲ್ಲಿ, ಒಂದೇ ಮ್ಯಾಕ್ ವಿಳಾಸವು ಈ ಪೋರ್ಟಿನಿಂದ ಆ ಪೋರ್ಟಿಗೆ ಹಾರಾಡುತ್ತಿದೆಯೆಂಬ 'ಮ್ಯಾಕ್‌ಫ್ಲ್ಯಾಪ್' ದೂರು ಎರಡನೆಯದು. ಅದು ಹೆಸರಿಸುವ ಎರಡು ಪೋರ್ಟುಗಳಲ್ಲೊಂದರ ದಾರಿ ಹಿಡಿದು ನಡೆದರೆ ಅಪರಾಧದ ಸ್ಥಳ ಸಿಗುತ್ತದೆ. 'ಶೋ ಸ್ಪ್ಯಾನಿಂಗ್-ಟ್ರೀ ಡೀಟೇಲ್' ಎಂಬುದರಲ್ಲಿ, ಮರದ ಆಕಾರ ಎಷ್ಟು ಸಲ ಬದಲಾಯಿತು, ಕೊನೆಯ ಸಲ ಯಾವಾಗ, ಯಾವ ಪೋರ್ಟಿನ ಕಡೆಯಿಂದ ಆ ಸುದ್ದಿ ಬಂದಿತು ಎಂಬ ಸಾಲು ಮೂರನೆಯದು. ಗಣಕಗಳ ಪೋರ್ಟುಗಳಲ್ಲಿ ಬಿಪಿಡಿಯು ಗಾರ್ಡ್ ಎಂಬ ಕಾವಲನ್ನು ಇಟ್ಟಿದ್ದರೆ, ಅಂಥ ಪೋರ್ಟಿನಲ್ಲಿ ಇನ್ನೊಂದು ಸ್ವಿಚ್ಚಿನ ದನಿ ಕೇಳಿದೊಡನೆ ಸ್ವಿಚ್ಚು ಅದನ್ನು ಮುಚ್ಚಿಬಿಡುತ್ತದೆ. ಹಿಂದೆ ಹೇಳಿದ ಎರ್-ಡಿಸೇಬಲ್ಡ್ ಸ್ಥಿತಿಗೆ ಸಾಮಾನ್ಯವಾದ ಕಾರಣಗಳಲ್ಲಿ ಇದೊಂದು. 'ಶೋ ಇಂಟರ್‌ಫೇಸಸ್ ಸ್ಟೇಟಸ್ ಎರ್-ಡಿಸೇಬಲ್ಡ್' ಎಂದು ಕಾರಣವನ್ನು ಕೇಳಿ, ಕಾರಣವನ್ನು ತೊಲಗಿಸಿ, ಆಮೇಲೆ ಆ ಪೋರ್ಟಿಗೆ 'ಶಟ್‌ಡೌನ್', 'ನೋ ಶಟ್‌ಡೌನ್' ಎಂದು ಹೇಳಬೇಕು. ಕಾರಣವನ್ನು ವಿಚಾರಿಸದೆ ಅಗಣಿಯನ್ನು ಮಾತ್ರ ತೆಗೆಯುವವನು ಪ್ಲಗ್ಗು ಕೀಳುವವನ ದಾಯಾದಿ.

'ಡಿಬಗ್' ಎಂಬ ಆಜ್ಞಾವರ್ಗದ ವಿಷಯದಲ್ಲಿ ಒಂದು ಎಚ್ಚರಿಕೆ. 'ಶೋ' ಬರೆದದ್ದನ್ನು ಓದಿದರೆ 'ಡಿಬಗ್' ನಡೆಯುತ್ತಿರುವುದನ್ನೆಲ್ಲ ಕಣ್ಣೆದುರಿಗೆ ಸುರಿಯುತ್ತದೆ. ಹೊರೆಯಿರುವ ಸ್ವಿಚ್ಚಿನ ಮೇಲೆ ಯೋಚಿಸದೆ ಅದನ್ನು ಹರಿಯಬಿಟ್ಟರೆ ಯಂತ್ರವು ವರದಿ ಮಾಡುವುದರಲ್ಲೇ ಬಳಲಿ ನಿಜವಾದ ಕೆಲಸವನ್ನು ಬಿಟ್ಟುಬಿಡಬಹುದು. 'ಶೋ ಪ್ರೊಸೆಸಸ್ ಸಿಪಿಯು' ಎಂದು ಮೊದಲು ಅದರ ದಣಿವನ್ನು ವಿಚಾರಿಸಿ, 'ಅನ್‌ಡಿಬಗ್ ಆಲ್' ಎಂಬ ನಿವರ್ತಕ ಮಂತ್ರವನ್ನು ಇನ್ನೊಂದು ಕಿಟಕಿಯಲ್ಲಿ ಬರೆದಿಟ್ಟುಕೊಂಡು, ಅನಂತರ ಮುಂದುವರಿಯಿರಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ದೋಷಗಳಿಗೆ ಅದರ ಅಗತ್ಯವೇ ಬಿದ್ದಿಲ್ಲ.

ಕಡೆಯದಾಗಿ, ಸರಿಪಡಿಸಿದ ಮೇಲೆ 'ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್' ಎಂಬ ಆಜ್ಞೆಯನ್ನು ಕೊಡುವುದನ್ನು ಮರೆಯಬೇಡಿ; ಕೊಡದಿದ್ದರೆ ನೀವು ಮಾಡಿದ ತಿದ್ದುಪಡಿಯೂ ವಿದ್ಯುತ್ತಿರುವಷ್ಟು ಕಾಲವೇ ಬಾಳುತ್ತದೆ. ಆ ಕಾಲೇಜಿನ ಕೆಳಗಿನ ಅಂತಸ್ತಿನ ಸ್ವಿಚ್ಚಿನಲ್ಲಿ ಪೋರ್ಟನ್ನು 'ಆಟೋ' ಎಂದು ತಿದ್ದಿ, ಅಧ್ಯಾಪಕರ ಅಭಿನಂದನೆಗಳನ್ನೂ ಕಾಫಿಯನ್ನೂ ಸ್ವೀಕರಿಸಿ ಊರಿಗೆ ಮರಳಿದ ನಾನು ಇದನ್ನು ಮರೆತಿದ್ದೆ. ಮುಂದಿನ ವಾರ ಕರೆಂಟು ಹೋಗಿ ಬಂದಿತು. ಮೂರು ಗಂಟೆಗೆ ಸಹಾಯಕನು ಫೋನು ಮಾಡಿ, ಪ್ಲಗ್ಗನ್ನು ಇನ್ನೂ ಮುಟ್ಟಿಲ್ಲ, ಲಾಗಿನಲ್ಲಿ ಡ್ಯೂಪ್ಲೆಕ್ಸ್ ಎಂದು ಮತ್ತೆ ಬರುತ್ತಿದೆ, ಏನು ಮಾಡಲಿ ಸಾರ್ ಎಂದು ಕೇಳಿದನು.